ಪ್ಯಾಕೇಜ್ ಪರೀಕ್ಷಿಸುವ ಟೂಲ್‌ಗೆ ಎಷ್ಟು ಕಂಪ್ರೆಷನ್ ಫಾರ್ಮ್ಯಾಟ್ ಗೊತ್ತಿರಬೇಕು? ನನ್ನದು ತೆರೆಯದೇ ಇರುವ ಪ್ಯಾಕೇಜಿಗೂ ‘ಸರಿ ಇದೆ’ ಎಂದುಬಿಟ್ಟಿತು

ಬಿಲ್ಡ್_ಕಾವಲು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತಂಡದಲ್ಲಿ ಡೆಬ್ ಪ್ಯಾಕೇಜುಗಳನ್ನು (ಡೆಬಿಯನ್, ಉಬುಂಟುವಿನ ಇನ್‌ಸ್ಟಾಲ್ ಫೈಲುಗಳು) ಹೊರಗೆ ಕಳಿಸುವ ಮುಂಚೆ ಪರೀಕ್ಷಿಸುವ ಒಂದು ಚಿಕ್ಕ ಟೂಲ್ ಇದೆ. ಪೈಥಾನಿನಲ್ಲಿ ನಾನೇ ಬರೆದದ್ದು, ಮೂರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅದು ಪ್ಯಾಕೇಜ್ ಬಿಚ್ಚಿ ಒಳಗಿನ ಒಂದೊಂದು ಫೈಲನ್ನೂ ನೋಡುತ್ತದೆ. ಪರ್ಮಿಷನ್ ಸರಿ ಇದೆಯಾ, ಓನರ್ ರೂಟ್ ತಾನೇ, ಲೈಸೆನ್ಸ್ ಫೈಲ್ ಇದೆಯಾ, ಯಾರದೋ ಮಷೀನಿನ ಹೋಮ್ ಫೋಲ್ಡರ್ ದಾರಿ ಎಲ್ಲಾದರೂ ಸೇರಿಕೊಂಡಿದೆಯಾ, ಇಂಥವು. ಕಂಪ್ರೆಷನ್ ಫಾರ್ಮ್ಯಾಟುಗಳಲ್ಲಿ ಅದಕ್ಕೆ ಶುರುವಿನಲ್ಲಿ ಜಿಜಿಪ್ ಮಾತ್ರ ಗೊತ್ತಿತ್ತು. ಆಮೇಲೆ ಎಕ್ಸ್‌ಝಡ್ ಸೇರಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಹೋದ ವಾರ ಬಿಲ್ಡ್ ಮಷೀನನ್ನು ಉಬುಂಟು 20.04ರಿಂದ 22.04ಕ್ಕೆ ತಂದೆವು. ಅದೇ ದಿನ 11 ಪ್ಯಾಕೇಜ್ ಹೊರಗೆ ಹೋದವು. ಎಲ್ಲದಕ್ಕೂ ನನ್ನ ಟೂಲ್ ‘ತಪ್ಪು: 0’ ಎಂದಿತ್ತು. ಎರಡು ದಿನ ಆದ ಮೇಲೆ ಬಳಸುವವರೊಬ್ಬರು ತಿಳಿಸಿದರು, ಒಂದು ಕಾನ್ಫಿಗ್ ಫೈಲಿನ ಪರ್ಮಿಷನ್ 666 ಇದೆ ಎಂದು. ಡೇಟಾಬೇಸ್ ಪಾಸ್‌ವರ್ಡ್ ಇಡುವ ಫೈಲ್ ಅದು. ಆ ಮಷೀನಿಗೆ ಲಾಗಿನ್ ಆಗುವ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನನ್ನ ಟೂಲ್ ಇರುವುದೇ ಇಂಥದ್ದನ್ನು ಹಿಡಿಯೋಕೆ, ಅಲ್ವಾ?

ಹುಡುಕಿದಾಗ ಸಿಕ್ಕಿದ್ದು ಇಷ್ಟು. ಹೊಸ ಮಷೀನ್ ಪ್ಯಾಕೇಜನ್ನು ಝಡ್‌ಸ್ಟ್ಯಾಂಡರ್ಡ್ ಎಂಬ ಬೇರೆ ಫಾರ್ಮ್ಯಾಟಿನಲ್ಲಿ ಕಂಪ್ರೆಸ್ ಮಾಡುತ್ತದೆ. ನನ್ನ ಕೋಡಿನಲ್ಲಿ, ಹೆಸರು ಜಿಝಡ್ ಎಂದು ಮುಗಿದರೆ ಹೀಗೆ ತೆರೆ, ಎಕ್ಸ್‌ಝಡ್ ಎಂದು ಮುಗಿದರೆ ಹಾಗೆ ತೆರೆ ಎಂದಿದೆ. ಎರಡೂ ಅಲ್ಲದಿದ್ದರೆ ಏನು ಮಾಡಬೇಕು ಎಂದು ಬರೆದೇ ಇಲ್ಲ. ಹಾಗಾಗಿ ಫೈಲುಗಳ ಪಟ್ಟಿ ಖಾಲಿ ಉಳಿಯಿತು, ಖಾಲಿ ಪಟ್ಟಿಯ ಮೇಲೆ ಲೂಪ್ ಓಡಿತು, ಸೊನ್ನೆ ಫೈಲಿನಲ್ಲಿ ಸೊನ್ನೆ ತಪ್ಪು ಸಿಕ್ಕಿತು. ಇದನ್ನು ನೋಡಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬಂದಿಲ್ಲ.

ಈಗ ಕೇಳುವುದು: ಸುಮ್ನೆ ಝಡ್‌ಸ್ಟ್ಯಾಂಡರ್ಡ್‌ಗೆ ಇನ್ನೊಂದು ಸಾಲು ಸೇರಿಸಿದರೆ ಇನ್ನು ಎರಡು ವರ್ಷಕ್ಕೆ ಮತ್ತೆ ಇದೇ ಕಥೆ ಆಗಬಹುದು. ಬಿಜಿಪ್2, ಎಲ್‌ಝಡ್‌ಎಮ್‌ಎ, ಎಲ್‌ಝಡ್4 ಎಲ್ಲ ಈಗಲೇ ಸೇರಿಸಿಬಿಡಲೇ? ಎಕ್ಸ್‌ಟೆನ್ಶನ್ ನೋಡಿ ತೀರ್ಮಾನಿಸುವುದು ಸರಿಯಾ ಅಥವಾ ಫೈಲಿನ ಮೊದಲ ಬೈಟುಗಳನ್ನು ನೋಡಬೇಕಾ? ಹೊರಗಿನ ಕಮಾಂಡ್ ಕರೆಯುವುದು ಒಳ್ಳೆಯದಾ, ಲೈಬ್ರರಿ ಒಳ್ಳೆಯದಾ? ಕೆಲವು ಮಷೀನುಗಳಲ್ಲಿ ಇನ್ನೂ ಪೈಥಾನ್ 3.11 ಇದೆ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ.

---

ಹಳೇ_ಟಾರ್:

ಮೊದಲು ಫಾರ್ಮ್ಯಾಟ್ ವಿಷಯ ಪಕ್ಕಕ್ಕೆ ಇಡಿ. ನಿಮ್ಮಲ್ಲಿ ಕೆಟ್ಟಿರುವುದು ಅದಲ್ಲ.

ಝಡ್‌ಸ್ಟ್ಯಾಂಡರ್ಡ್ ಗೊತ್ತಿಲ್ಲದೇ ಇರುವುದು ತಪ್ಪೇನಲ್ಲ. ಗೊತ್ತಿಲ್ಲದ್ದನ್ನು ನೋಡಿಯೂ ‘ಸರಿ ಇದೆ’ ಎಂದದ್ದು ತಪ್ಪು. ಪರೀಕ್ಷೆ ಮಾಡುವ ಯಾವ ಟೂಲ್‌ಗಾದರೂ ಮೂರು ಉತ್ತರ ಇರಬೇಕು. ನೋಡಿದೆ, ಸರಿ ಇದೆ. ನೋಡಿದೆ, ತಪ್ಪಿದೆ. ನೋಡೋಕೆ ಆಗಲಿಲ್ಲ. ಈ ಮೂರನೆಯದು ನಿಮ್ಮ ಟೂಲ್‌ನಲ್ಲಿ ಇಲ್ಲ. ಎಕ್ಸಿಟ್ ಕೋಡ್ (ಟೂಲ್ ಮುಗಿಯುವಾಗ ಕೊಡುವ ಸಂಖ್ಯೆ) 0, 1, 2 ಎಂದು ಇಟ್ಟುಕೊಳ್ಳಿ. 2 ಬಂದರೆ ಬಿಲ್ಡ್ ನಿಲ್ಲಬೇಕು. ಎಚ್ಚರಿಕೆ ಕೊಟ್ಟು ಮುಂದೆ ಹೋಗುವುದಲ್ಲ, ನಿಲ್ಲಬೇಕು.

ಡೆಬ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಏನು ಮಾಡುತ್ತದೆ ನೋಡಿ. ಡೆಬಿಯನ್ 11ರ ಡಿಪಿಕೆಜಿಗೆ ಝಡ್‌ಸ್ಟ್ಯಾಂಡರ್ಡ್ ಬರುವುದಿಲ್ಲ. ಉಬುಂಟುವಿನ ಹೊಸ ಪ್ಯಾಕೇಜ್ ಒಂದನ್ನು ಅದಕ್ಕೆ ಕೊಟ್ಟರೆ, ಇಂಥ ಮೆಂಬರ್‌ಗೆ (ಪ್ಯಾಕೇಜಿನ ಒಳಗಿನ ಒಂದು ಭಾಗಕ್ಕೆ) ಬಳಸಿರುವ ಕಂಪ್ರೆಷನ್ ನನಗೆ ಗೊತ್ತಿಲ್ಲ, ಇಲ್ಲಿಗೆ ಬಿಡುತ್ತೇನೆ ಎಂದು ಸ್ಪಷ್ಟವಾಗಿ ಹೇಳಿ ನಿಂತುಬಿಡುತ್ತದೆ. ಯಾವ ಮೆಂಬರ್ ಎಂದೂ ಹೆಸರು ಹೇಳುತ್ತದೆ. ನಿಮ್ಮ ಟೂಲ್ ಹೀಗೆ ಹೇಳಿದ್ದರೆ ಆ 11 ಪ್ಯಾಕೇಜ್ ಅವತ್ತು ಬೆಳಿಗ್ಗೆಯೇ ನಿಲ್ಲುತ್ತಿದ್ದವು. ಅರ್ಧ ದಿನ ಹೋಗುತ್ತಿತ್ತು, ಅಷ್ಟೇ.

ಇನ್ನೊಂದು ಮಾಡಿ. ಫೈಲು ಎಣಿಸಿ. ‘ತಪ್ಪು: 0’ ಎಂದು ಮಾತ್ರ ಬರೆಯಬೇಡಿ, ‘ನೋಡಿದ ಫೈಲು: 214, ತಪ್ಪು: 0’ ಎಂದು ಬರೆಯಿರಿ. ಸೊನ್ನೆ ಫೈಲ್ ನೋಡಿದೆ ಎಂದು ಕಣ್ಣೆದುರು ಬಿದ್ದಿದ್ದರೆ ಯಾರಾದರೂ ಒಬ್ಬರು ಕೇಳುತ್ತಿದ್ದರು. ಜೊತೆಗೆ ಯಾವ ಡೆಬ್‌ನಲ್ಲೂ ಇರಲೇಬೇಕಾದದ್ದು ಇದೆ. ಒಳಗೆ ಡೆಬಿಯನ್-ಬೈನರಿ ಎಂಬ ಮೆಂಬರ್, ಅದರಲ್ಲಿ 2.0 ಎಂದು ಆವೃತ್ತಿ, ಆಮೇಲೆ ಕಂಟ್ರೋಲ್ ಟಾರ್, ಆಮೇಲೆ ಡೇಟಾ ಟಾರ್. ಟಾರ್ ಎಂದರೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ್ದು; ಕಂಟ್ರೋಲ್‌ನಲ್ಲಿ ಪ್ಯಾಕೇಜಿನ ವಿವರ, ಡೇಟಾದಲ್ಲಿ ಇನ್‌ಸ್ಟಾಲ್ ಆಗುವ ಫೈಲುಗಳು. ಕಂಟ್ರೋಲ್ ಟಾರ್‌ನ ಒಳಗೆ ಕಂಟ್ರೋಲ್ ಎಂಬ ಫೈಲ್ ಇರಲೇಬೇಕು. ಅದು ಕಣ್ಣಿಗೆ ಬೀಳಲಿಲ್ಲ ಎಂದರೆ ನೀವು ಪ್ಯಾಕೇಜನ್ನು ನೋಡೇ ಇಲ್ಲ ಎಂದರ್ಥ.

ಇದಿಷ್ಟನ್ನು ಇವತ್ತೇ ಮಾಡಿ. ಫಾರ್ಮ್ಯಾಟ್ ಎಷ್ಟು ಎನ್ನುವುದನ್ನು ಆಮೇಲೆ ನಿಧಾನವಾಗಿ ಯೋಚಿಸಬಹುದು.

---

ಬೈಟ್_ಎಣಿಕೆ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಎಕ್ಸ್‌ಟೆನ್ಶನ್ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಇದರಲ್ಲಿ ನಾನೂ ಹಿಂದೆ ತಪ್ಪು ತಿಳಿದುಕೊಂಡಿದ್ದೆ.

ಎಲ್ಲರೂ ಮೊದಲು ಹೇಳುವುದು ‘ಹೆಸರು ನಂಬಬೇಡ, ಮೊದಲ ಬೈಟುಗಳನ್ನು ನೋಡು’ ಎಂದು. ಬೈಟ್ ನೋಡುವುದು ಕಷ್ಟವೂ ಅಲ್ಲ. ದಶಮಾಂಶದಲ್ಲಿ ಹೇಳುತ್ತೇನೆ: ಜಿಜಿಪ್ ಆದರೆ 31, 139. ಎಕ್ಸ್‌ಝಡ್ ಆದರೆ 253, 55, 122, 88, 90, 0. ಝಡ್‌ಸ್ಟ್ಯಾಂಡರ್ಡ್ ಆದರೆ 40, 181, 47, 253. ಬಿಜಿಪ್2 ಆದರೆ 66, 90, 104. ಆರು ಬೈಟ್ ಓದಿದರೆ ನಾಲ್ಕೂ ಗೊತ್ತಾಗುತ್ತವೆ. ಹಳೆಯ ಎಲ್‌ಝಡ್‌ಎಮ್‌ಎ ಮಾತ್ರ ತಲೆನೋವು. ಅದಕ್ಕೆ ನಿಜವಾದ ಗುರುತಿನ ಬೈಟುಗಳೇ ಇಲ್ಲ. ಸಾಮಾನ್ಯವಾಗಿ 93, 0, 0 ಎಂದು ಶುರುವಾಗುತ್ತದೆ, ಆದರೆ ಅದು ಸೆಟ್ಟಿಂಗುಗಳನ್ನು ಹೇಳುವ ಬೈಟುಗಳು, ಗುರುತಲ್ಲ. ಸೆಟ್ಟಿಂಗ್ ಬದಲಾದರೆ ಬೈಟೂ ಬದಲಾಗುತ್ತದೆ.

ಆದರೆ ನಿಮ್ಮ ಪ್ರಶ್ನೆ ‘ಈ ಫೈಲ್ ಏನು’ ಎಂಬುದಲ್ಲ. ‘ಬಳಸುವವರ ಮಷೀನಿನಲ್ಲಿ ಇನ್‌ಸ್ಟಾಲರ್ ಇದನ್ನು ಏನೆಂದು ತಿಳಿಯುತ್ತದೆ’ ಎಂಬುದು. ಎರಡೂ ಬೇರೆ ಬೇರೆ. ಡಿಪಿಕೆಜಿ ಮೆಂಬರ್‌ನ ಹೆಸರಿನ ಕೊನೆ ನೋಡಿ ತೀರ್ಮಾನಿಸುತ್ತದೆ. ಡೇಟಾ.ಟಾರ್.ಜಿಝಡ್ ಎಂದು ಹೆಸರಿದ್ದು ಒಳಗೆ ಎಕ್ಸ್‌ಝಡ್ ಇದ್ದರೆ ಅದು ಜಿಜಿಪ್ ಎಂದೇ ಬಿಚ್ಚೋಕೆ ಹೋಗಿ ಸೋಲುತ್ತದೆ. ನಿಮ್ಮ ಟೂಲ್ ಬೈಟ್ ನೋಡಿ ಜಾಣತನದಿಂದ ಬಿಚ್ಚಿ ‘ಸರಿ ಇದೆ’ ಎಂದರೆ, ಇನ್‌ಸ್ಟಾಲ್ ಆಗದ ಪ್ಯಾಕೇಜನ್ನು ಪಾಸ್ ಮಾಡಿದ ಹಾಗಾಯಿತು. ಫೆಡೋರಾ ಬಳಸುವ ಆರ್‌ಪಿಎಮ್ ಪ್ಯಾಕೇಜಿನಲ್ಲಿ ಹೆಸರಿನ ಪ್ರಶ್ನೆಯೇ ಇಲ್ಲ, ಯಾವ ಕಂಪ್ರೆಸರ್ ಬಳಸಿದೆ ಎಂದು ಹೆಡರ್‌ನ ಒಂದು ಟ್ಯಾಗ್ ಹೇಳುತ್ತದೆ. ಆರ್ಚ್ ಲಿನಕ್ಸ್‌ನ ಇನ್‌ಸ್ಟಾಲರ್ ಪ್ಯಾಕ್‌ಮ್ಯಾನ್, ಫಾರ್ಮ್ಯಾಟ್ ತಾನೇ ಗುರುತಿಸುವ ಲಿಬ್‌ಆರ್ಕೈವ್ ಲೈಬ್ರರಿ ಬಳಸುವುದರಿಂದ ಅಲ್ಲಿ ಒಳಗಿನ ಬೈಟುಗಳೇ ಮುಖ್ಯ.

ಹಾಗಾಗಿ ಡೆಬ್‌ಗೆ ನನ್ನ ಸಲಹೆ: ಹೆಸರು ಹೇಳಿದ ಹಾಗೆ ತೆರೆಯಿರಿ, ಬೈಟುಗಳನ್ನು ತಾಳೆ ನೋಡೋಕೆ ಬಳಸಿ. ಎರಡೂ ಹೊಂದದಿದ್ದರೆ ಅದೇ ಒಂದು ತಪ್ಪು ಎಂದು ವರದಿ ಮಾಡಿ. ‘ಹೆಸರು ಜಿಜಿಪ್ ಎನ್ನುತ್ತದೆ, ಒಳಗಿರುವುದು ಎಕ್ಸ್‌ಝಡ್’ ಎಂದು ಒಂದು ಸಾಲು ಬಂದರೆ ಬಿಲ್ಡ್ ಮಾಡುವವರಿಗೆ ತಕ್ಷಣ ಅರ್ಥವಾಗುತ್ತದೆ. ಲೈಬ್ರರಿ ಎಸೆಯುವ ಎಕ್ಸೆಪ್ಶನ್ ಹಾಗೇ ತೋರಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

---

ಎಲ್ಲವೂ_ತೆರೆ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಲಿಬ್‌ಆರ್ಕೈವ್ ಹಾಕಿ. ಜಿಜಿಪ್, ಬಿಜಿಪ್2, ಎಕ್ಸ್‌ಝಡ್, ಎಲ್‌ಝಡ್‌ಎಮ್‌ಎ, ಎಲ್‌ಝಡ್4, ಝಡ್‌ಸ್ಟ್ಯಾಂಡರ್ಡ್ ಎಲ್ಲ ಅದೇ ಗುರುತಿಸಿ ಬಿಚ್ಚುತ್ತದೆ. ಆರ್ ಆರ್ಕೈವ್ (ಡೆಬ್‌ನ ಹೊರಕಟ್ಟು), ಟಾರ್, ಸಿಪಿಐಒ (ಆರ್‌ಪಿಎಮ್‌ನ ಒಳಕಟ್ಟು) ಕೂಡ ಓದುತ್ತದೆ. ನೀವು ಒಂದೇ ಬಾಗಿಲಿನಿಂದ ಫೈಲ್ ಕೊಡಿ, ಅದು ಮೆಂಬರುಗಳನ್ನು ಕೊಡುತ್ತದೆ. ನಾಳೆ ಹೊಸ ಫಾರ್ಮ್ಯಾಟ್ ಬಂದರೆ ಲೈಬ್ರರಿ ಅಪ್‌ಡೇಟ್ ಮಾಡಿದರೆ ಸಾಕು. ನಿಮ್ಮ ಕೋಡಿನಲ್ಲಿ ಫಾರ್ಮ್ಯಾಟ್ ಹೆಸರೇ ಬರಬಾರದು, ನನ್ನ ಪ್ರಕಾರ.

---

ಬೈಟ್_ಎಣಿಕೆ:

ಒಂದೇ ಬಾಗಿಲು ಇರಬೇಕು ಎನ್ನುವುದನ್ನು ಒಪ್ಪುತ್ತೇನೆ. ಟೂಲ್‌ನ ಉಳಿದ ಭಾಗ ‘ಟಾರ್ ಕೊಡು’ ಎಂದು ಕೇಳಬೇಕು, ಕಂಪ್ರೆಷನ್ ಯಾವುದು ಎಂದು ಅದಕ್ಕೆ ಗೊತ್ತಾಗಲೇಬಾರದು. ಲಿಬ್‌ಆರ್ಕೈವ್ ಒಳ್ಳೆಯ ಲೈಬ್ರರಿ ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ‘ಎಲ್ಲ ಫಿಲ್ಟರ್ (ಒಂದೊಂದು ಫಾರ್ಮ್ಯಾಟ್ ಬಿಚ್ಚುವ ಭಾಗ) ಆನ್ ಮಾಡು’ ಎಂದರೆ ಅದು ಯುಯುಎನ್‌ಕೋಡ್ ಮಾಡಿದ್ದನ್ನೂ, ಅಂದರೆ ಬೈನರಿಯನ್ನು ಅಕ್ಷರಗಳಾಗಿ ಬರೆದದ್ದನ್ನೂ, ಬಿಚ್ಚುತ್ತದೆ. ಒಂದರೊಳಗೊಂದು ಎರಡು ಸಲ ಕಂಪ್ರೆಸ್ ಮಾಡಿದ್ದರೂ ಎರಡನ್ನೂ ಬಿಚ್ಚಿ ಕೊಡುತ್ತದೆ. ಡಿಪಿಕೆಜಿ ಇದ್ಯಾವುದನ್ನೂ ಮಾಡುವುದಿಲ್ಲ. ಕೆಲವು ಫಾರ್ಮ್ಯಾಟುಗಳಿಗೆ ಅದು ಹೊರಗಿನ ಕಮಾಂಡನ್ನು ತಾನೇ ಓಡಿಸಲೂಬಹುದು, ಅದನ್ನು ನೀವು ಬಯಸದೇ ಇರಬಹುದು.

ಬಳಸುವುದಾದರೆ ಬೇಕಾದ ಫಿಲ್ಟರುಗಳನ್ನು ಮಾತ್ರ ಒಂದೊಂದಾಗಿ ಆನ್ ಮಾಡಿ. ಆಗ ಫಾರ್ಮ್ಯಾಟ್ ಹೆಸರು ನಿಮ್ಮ ಕೋಡಿನಲ್ಲಿ ಬಂದೇ ಬರುತ್ತದೆ. ಬರಲಿ ಬಿಡಿ. ಯಾವುದಕ್ಕೆ ಒಪ್ಪಿಗೆ ಇದೆ ಎನ್ನುವುದು ಪರೀಕ್ಷೆಯದೇ ಒಂದು ನಿಯಮ. ಅದನ್ನು ಲೈಬ್ರರಿಗೆ ಬಿಡಬಾರದು.

---

ಹಳೇ_ಟಾರ್:

ಯಾವ ಯಾವ ಫಾರ್ಮ್ಯಾಟ್ ಎಂದು ಕೇಳಿದ್ದರಲ್ಲ, ಡೆಬ್ ಮಟ್ಟಿಗೆ ಉತ್ತರ ಸಿದ್ಧವಾಗಿಯೇ ಇದೆ. ಡೇಟಾ ಟಾರ್‌ಗೆ ಜಿಜಿಪ್, ಎಕ್ಸ್‌ಝಡ್, ಝಡ್‌ಸ್ಟ್ಯಾಂಡರ್ಡ್, ಬಿಜಿಪ್2, ಎಲ್‌ಝಡ್‌ಎಮ್‌ಎ, ಜೊತೆಗೆ ಏನೂ ಕಂಪ್ರೆಸ್ ಮಾಡದ ಬರೀ ಟಾರ್. ಕಂಟ್ರೋಲ್ ಟಾರ್‌ಗೆ ಜಿಜಿಪ್, ಎಕ್ಸ್‌ಝಡ್, ಝಡ್‌ಸ್ಟ್ಯಾಂಡರ್ಡ್, ಬರೀ ಟಾರ್. ಅಷ್ಟೇ. ಎಲ್‌ಝಡ್4 ಈ ಪಟ್ಟಿಯಲ್ಲಿ ಇಲ್ಲ, ಸೇರಿಸಬೇಡಿ. ಕಂಟ್ರೋಲ್ ಟಾರ್ ಬಿಜಿಪ್2ನಲ್ಲಿ ಬಂದರೆ ನೀವು ಅದನ್ನು ಬಿಚ್ಚಬಲ್ಲಿರಿ ಎಂಬ ಕಾರಣಕ್ಕೆ ಒಪ್ಪಬೇಡಿ. ಅದೇ ತಪ್ಪು ಎಂದು ಹೇಳಿ.

ಬರೀ ಟಾರ್ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಕಂಪ್ರೆಸ್ ಮಾಡದೇ ಇರುವುದೂ ಒಂದು ಫಾರ್ಮ್ಯಾಟ್. ನಿಮ್ಮ ಈಗಿನ ಕೋಡಿನಲ್ಲಿ ಅದೂ ‘ಸರಿ ಇದೆ’ ಎಂದು ದಾಟಿಹೋಗುತ್ತದೆ.

ಎರಡೂ ಟಾರ್ ಒಂದೇ ಥರ ಇರುತ್ತವೆ ಎಂದೂ ತಿಳಿಯಬೇಡಿ. ಡಿಪಿಕೆಜಿ 1.17.0, ಅಂದರೆ 2013ರ ಹೊತ್ತಿಗೆ, ಡೇಟಾ ಟಾರ್‌ನ ಡೀಫಾಲ್ಟ್ ಜಿಜಿಪ್‌ನಿಂದ ಎಕ್ಸ್‌ಝಡ್‌ಗೆ ಬಂತು. ಕಂಟ್ರೋಲ್ ಟಾರ್‌ಗೆ ಎಕ್ಸ್‌ಝಡ್ ಓದುವ ಶಕ್ತಿಯೇ 1.17.6ರಲ್ಲಿ ಬಂದದ್ದು. ಎರಡನ್ನೂ ಒಂದೇ ಥರ ಕಂಪ್ರೆಸ್ ಮಾಡುವುದು 1.19.0ರಿಂದ ಡೀಫಾಲ್ಟ್ ಆಯಿತು. ಹಾಗಾಗಿ ನಡುವಿನ ವರ್ಷಗಳ ಲೆಕ್ಕವಿಲ್ಲದಷ್ಟು ಪ್ಯಾಕೇಜುಗಳಲ್ಲಿ ಕಂಟ್ರೋಲ್ ಜಿಜಿಪ್, ಡೇಟಾ ಎಕ್ಸ್‌ಝಡ್. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವ ಕೋಡ್ ಇದ್ದರೆ ತೆಗೆದುಹಾಕಿ.

ಝಡ್‌ಸ್ಟ್ಯಾಂಡರ್ಡ್‌ನಲ್ಲಿ ಇನ್ನೊಂದು ವಿಷಯ. ಉಬುಂಟು 21.10ರಿಂದ ಅದೇ ಡೀಫಾಲ್ಟ್. ಡೆಬಿಯನ್‌ನ ಡಿಪಿಕೆಜಿಗೆ ಅದು ಬಂದದ್ದು 1.21.18ರಲ್ಲಿ, ಹಾಗಾಗಿ ಡೆಬಿಯನ್ 12 ಅದನ್ನು ಓದುತ್ತದೆ. ನಿಮ್ಮ ಪ್ಯಾಕೇಜ್ ಬಳಸುವವರಲ್ಲಿ ಡೆಬಿಯನ್ 11 ಇಟ್ಟುಕೊಂಡವರು ಇದ್ದರೆ ‘ಈ ಕಂಪ್ರೆಷನ್ ಆ ಮಷೀನಿನಲ್ಲಿ ಬಿಚ್ಚಲಾಗದು’ ಎನ್ನುವ ಪರೀಕ್ಷೆಯೂ ಬೇಕು. ಬಿಲ್ಡ್ ಮಾಡುವಾಗ ಎಕ್ಸ್‌ಝಡ್ ಬೇಕು ಎಂದು, ಡೆಬ್ ಕಟ್ಟುವ ಮತ್ತು ಬಿಚ್ಚುವ ಕಮಾಂಡ್ ಆದ ಡಿಪಿಕೆಜಿ-ಡೆಬ್‌ಗೆ ದೊಡ್ಡ ಝಡ್ ಆಯ್ಕೆಯಿಂದ ಹೇಳಬಹುದು.

ಬಿಜಿಪ್2 ಮತ್ತು ಎಲ್‌ಝಡ್‌ಎಮ್‌ಎಯಲ್ಲಿ ಹೊಸ ಪ್ಯಾಕೇಜ್ ಯಾರೂ ಮಾಡುವುದಿಲ್ಲ. ಆದರೂ ಹಳೆಯ ಪ್ಯಾಕೇಜುಗಳನ್ನು ನೀವು ಪರೀಕ್ಷಿಸುವುದಿದ್ದರೆ ಓದುವ ಶಕ್ತಿ ಇರಲಿ. ಪೈಥಾನಿನ ಜೊತೆಗೇ ಬರುವ ಮಾಡ್ಯೂಲ್‌ಗಳು ಎರಡನ್ನೂ ಓದುತ್ತವೆ, ಖರ್ಚೇನೂ ಇಲ್ಲ.

---

ಪೈಪು_ನೋಡಿ:

ಹೊರಗಿನ ಕಮಾಂಡ್ ವಿಷಯಕ್ಕೆ ನನ್ನ ಅನುಭವ ಹೇಳುತ್ತೇನೆ. ಇದು ನಿಮ್ಮ ಕಥೆಯ ಅಣ್ಣ ಇದ್ದ ಹಾಗೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಟೂಲ್ ಎಕ್ಸ್‌ಝಡ್ ಕಮಾಂಡನ್ನು ಓಡಿಸಿ, ಅದರ ಔಟ್‌ಪುಟ್ ಪೈಪಿನಿಂದ ಟಾರ್ ಓದುತ್ತಿತ್ತು. ಒಂದು ದಿನ ಒಂದು ಪ್ಯಾಕೇಜ್ ನೆಟ್‌ವರ್ಕಿನಲ್ಲಿ ಅರ್ಧಕ್ಕೇ ನಿಂತಿತ್ತು. ಎಕ್ಸ್‌ಝಡ್ ಅರ್ಧ ಬಿಚ್ಚಿ, ‘ಅನಿರೀಕ್ಷಿತವಾಗಿ ಮುಗಿಯಿತು’ ಎಂದು ಸರಿಯಾಗಿಯೇ ದೂರಿ, ಎಕ್ಸಿಟ್ ಕೋಡ್ 1 ಕೊಟ್ಟು ಸತ್ತಿತು. ಆ ಕೋಡನ್ನು ಯಾರೂ ನೋಡಲಿಲ್ಲ. ಪೈಥಾನಿನ ಟಾರ್‌ಫೈಲ್ ಏನು ಮಾಡಿತು ಗೊತ್ತಾ? ಟಾರ್ ಎಂದರೆ 512 ಬೈಟಿನ ತುಂಡುಗಳು, ಪ್ರತಿ ಫೈಲಿಗೂ ಮೊದಲು ಒಂದು ಹೆಡರ್ ತುಂಡು. ಡೇಟಾ ಒಂದು ಫೈಲಿನ ಮಧ್ಯೆ ನಿಂತಿದ್ದರೆ ಅದು ಗಲಾಟೆ ಮಾಡುತ್ತದೆ. ಆದರೆ ಒಂದು ಫೈಲ್ ಮುಗಿದು ಮುಂದಿನ ಹೆಡರ್ ಬರಬೇಕಾದ ಜಾಗದಲ್ಲೇ ನಿಂತರೆ, ‘ಸರಿ, ಮುಗಿಯಿತು’ ಎಂದು ಸುಮ್ಮನಾಗುತ್ತದೆ. ನಮಗೆ ಹಾಗೇ ಆಯಿತು. ಅರ್ಧ ಫೈಲುಗಳನ್ನು ನೋಡಿ, ತಪ್ಪು ಏನೂ ಇಲ್ಲ ಎಂದು ಹೇಳಿತು. ಮಾರನೇ ದಿನ ಇನ್‌ಸ್ಟಾಲ್ ಮಾಡೋಕೆ ಹೋದಾಗ ಗೊತ್ತಾಯಿತು.

ಇದರಿಂದ ಕಲಿತದ್ದು ಎರಡು. ಟಾರ್ ಸರಿಯಾಗಿ ಮುಗಿದರೆ ಕೊನೆಯಲ್ಲಿ ಬರೀ ಸೊನ್ನೆಗಳ ಎರಡು ತುಂಡು ಇರುತ್ತವೆ, ಅಂದರೆ 1024 ಬೈಟ್. ಅವು ಬಂದವಾ ಎಂದು ನೋಡಿ. ಎರಡನೆಯದು ಇನ್ನೂ ಮುಖ್ಯ, ಲೈಬ್ರರಿ ಬಳಸಿದರೂ ಇದು ಬೇಕು: ಟಾರ್ ಮುಗಿದ ಮೇಲೂ ಕಂಪ್ರೆಸ್ ಆದ ಸ್ಟ್ರೀಮನ್ನು ಕೊನೆಯವರೆಗೂ ಓದಿ. ಯಾಕೆಂದರೆ ಜಿಜಿಪ್‌ನ ಸಿಆರ್‌ಸಿ (ಡೇಟಾ ಕೆಟ್ಟಿಲ್ಲ ಎಂದು ತಾಳೆ ನೋಡುವ ಸಂಖ್ಯೆ) ಇರುವುದು ಫೈಲಿನ ಕಟ್ಟಕಡೆಯಲ್ಲಿ. ಟಾರ್ ಓದುವ ಕೋಡ್ ಸೊನ್ನೆ ತುಂಡು ಕಂಡ ಕೂಡಲೇ ನಿಲ್ಲುತ್ತದೆ, ಬಿಚ್ಚುವ ಕೋಡ್ ಕೊನೆಗೆ ತಲುಪುವುದೇ ಇಲ್ಲ, ಸಿಆರ್‌ಸಿ ತಾಳೆ ನೋಡುವುದೇ ಇಲ್ಲ. ಎಕ್ಸ್‌ಝಡ್ ಮತ್ತು ಝಡ್‌ಸ್ಟ್ಯಾಂಡರ್ಡ್‌ನಲ್ಲೂ ಹೀಗೆಯೇ, ಕೊನೆ ತಲುಪಿದರೆ ಮಾತ್ರ ಪೂರ್ತಿ ಪರೀಕ್ಷೆ ಆಗುತ್ತದೆ. ಝಡ್‌ಸ್ಟ್ಯಾಂಡರ್ಡ್‌ನಲ್ಲಂತೂ ಚೆಕ್‌ಸಮ್ ಇರಲೇಬೇಕು ಎಂಬ ಕಡ್ಡಾಯವೂ ಇಲ್ಲ, ಅದು ಆಯ್ಕೆ.

ಹೊರಗಿನ ಕಮಾಂಡೇ ಬಳಸುವುದಾದರೆ ಎಕ್ಸಿಟ್ ಕೋಡ್ ನೋಡದೇ ಬಿಡಬೇಡಿ. ಎರರ್ ಔಟ್‌ಪುಟ್ ಅನ್ನೂ ಓದುತ್ತಿರಿ. ಲಿನಕ್ಸಿನಲ್ಲಿ ಪೈಪಿನ ಬಫರ್ ಸಾಮಾನ್ಯವಾಗಿ 64 ಕಿಲೋಬೈಟ್. ಅದು ತುಂಬಿದರೆ ಆ ಕಡೆಯವನು ಬರೆಯೋಕೆ ಕಾಯುತ್ತಾನೆ, ಈ ಕಡೆ ನೀವು ಇನ್ನೊಂದು ಪೈಪಿಗೆ ಕಾಯುತ್ತೀರಿ, ಬಿಲ್ಡ್ ಬೆಳಗಿನವರೆಗೂ ಹಾಗೇ ನಿಂತಿರುತ್ತದೆ. ನಾನಾದರೆ ಲೈಬ್ರರಿ ಬಳಸುತ್ತೇನೆ.

---

ಬಿಲ್ಡ್_ಕಾವಲು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆಯೇ ಮೂರನೇ ಉತ್ತರ ಸೇರಿಸಿದೆ, ಎಕ್ಸಿಟ್ ಕೋಡ್ 2. ಫೈಲು ಎಣಿಕೆಯೂ ಬರುತ್ತಿದೆ.

ಎರಡು ಅನುಮಾನ ಉಳಿದಿವೆ. ಒಂದು, ಪೈಥಾನ್ 3.11ರಲ್ಲಿ ಝಡ್‌ಸ್ಟ್ಯಾಂಡರ್ಡ್ ಇಲ್ಲ. ಇನ್ನೊಂದು, ನಮ್ಮ ತಂಡದಲ್ಲೇ ಒಬ್ಬರು ಕೇಳುತ್ತಿದ್ದಾರೆ, ಡಿಪಿಕೆಜಿ-ಡೆಬ್‌ಗೇ ಹೇಳಿದರೆ ಬಿಚ್ಚಿದ ಟಾರ್ ಕೊಡುತ್ತದಲ್ಲ, ನಾವ್ಯಾಕೆ ಇದೆಲ್ಲ ಮಾಡಬೇಕು ಎಂದು.

---

ಹಳೇ_ಟಾರ್:

ಅವರು ಕೇಳುತ್ತಿರುವುದು ಒಳ್ಳೆಯ ಪ್ರಶ್ನೆ. ಟೂಲ್ ಓಡುವ ಎಲ್ಲ ಮಷೀನಿನಲ್ಲೂ ಡಿಪಿಕೆಜಿ ಇದ್ದರೆ ಹಾಗೇ ಮಾಡಿ, ನಾನು ಅದನ್ನೇ ಮೊದಲು ಹೇಳಬೇಕಿತ್ತು. ಡೇಟಾ ಟಾರ್‌ಗೂ ಕಂಟ್ರೋಲ್ ಟಾರ್‌ಗೂ ಒಂದೊಂದು ಆಯ್ಕೆ ಇದೆ, ಬಿಚ್ಚಿದ ಟಾರನ್ನು ನೇರ ಪೈಪಿಗೆ ಕೊಡುತ್ತದೆ. ಇನ್‌ಸ್ಟಾಲರ್ ಹೇಗೆ ನೋಡುತ್ತದೋ ಹಾಗೇ ನೀವೂ ನೋಡಿದ ಹಾಗಾಗುತ್ತದೆ. ಆದರೆ ಮೇಲೆ ಪೈಪಿನ ಬಗ್ಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯಿಸುತ್ತದೆ. ಪರೀಕ್ಷೆ ನಡೆಯುವುದು ಬೇರೆ ಓಎಸ್‌ನಲ್ಲಿ, ಅಥವಾ ಆರ್‌ಪಿಎಮ್ ಕೂಡ ನೋಡಬೇಕು ಎಂದಾದರೆ ಮಾತ್ರ ಸ್ವಂತ ಕೋಡ್ ಬೇಕು.

---

ಬಿಲ್ಡ್_ಕಾವಲು:

ನಮ್ಮದು ಎರಡೂ ಹೌದು. ಪರೀಕ್ಷೆ ಓಡುವುದು ಫೆಡೋರಾ ಮಷೀನಿನಲ್ಲಿ, ಮುಂದಿನ ತಿಂಗಳಿಂದ ಆರ್‌ಪಿಎಮ್ ಕೂಡ ಸೇರುತ್ತದೆ.

---

ಬೈಟ್_ಎಣಿಕೆ:

ಹಾಗಾದರೆ ಝಡ್‌ಸ್ಟ್ಯಾಂಡರ್ಡ್ ನಿಮಗೆ ಎರಡು ಕಡೆಯಿಂದಲೂ ಬರುತ್ತದೆ. ಫೆಡೋರಾ 31ರಿಂದ ಆರ್‌ಪಿಎಮ್‌ಗಳು ಝಡ್‌ಸ್ಟ್ಯಾಂಡರ್ಡ್ 19ನೇ ಮಟ್ಟದಲ್ಲಿ ಬರುತ್ತಿವೆ, ಅದಕ್ಕೂ ಮುಂಚೆ ಎಕ್ಸ್‌ಝಡ್ ಇತ್ತು. ಎಲ್ಲರೂ ಯಾಕೆ ಆ ಕಡೆ ಹೋದರು ಎನ್ನುವುದಕ್ಕೆ ಆರ್ಚ್ ಲಿನಕ್ಸ್ 2020ರ ಜನವರಿಯಲ್ಲಿ ಕೊಟ್ಟ ಲೆಕ್ಕ ಸಾಕು: ಎಲ್ಲ ಪ್ಯಾಕೇಜ್ ಸೇರಿ ಗಾತ್ರ ಸುಮಾರು 0.8% ಜಾಸ್ತಿ ಆಯಿತು, ಬಿಚ್ಚುವ ವೇಗ ಸುಮಾರು 1300% ಹೆಚ್ಚಿತು. ನಿಮ್ಮ ಪರೀಕ್ಷೆಯೂ ಬೇಗ ಮುಗಿಯುತ್ತದೆ.

ಪೈಥಾನ್ 3.14ರಿಂದ ಝಡ್‌ಸ್ಟ್ಯಾಂಡರ್ಡ್ ಜೊತೆಗೇ ಬರುತ್ತದೆ, ಟಾರ್‌ಫೈಲ್‌ಗೂ ಅದು ಗೊತ್ತು. 3.11ಕ್ಕೆ ಹೊರಗಿನ ಮಾಡ್ಯೂಲ್ ಹಾಕಬೇಕು. ಮಾಡ್ಯೂಲ್ ಇಲ್ಲದ ಮಷೀನಿನಲ್ಲಿ ಓಡಿಸಿದರೆ? ಮತ್ತೆ ಅದೇ ಮೂರನೇ ಉತ್ತರ. ‘ಝಡ್‌ಸ್ಟ್ಯಾಂಡರ್ಡ್ ಮಾಡ್ಯೂಲ್ ಇಲ್ಲ, ಹಾಗಾಗಿ ಈ ಪ್ಯಾಕೇಜ್ ನೋಡಿಲ್ಲ’. ಇಂಪೋರ್ಟ್ ಸೋತರೆ ಮೌನವಾಗಿ ಆ ಫಾರ್ಮ್ಯಾಟನ್ನು ಪಟ್ಟಿಯಿಂದ ಬಿಟ್ಟುಬಿಡುವ ಕೋಡ್ ಬರೆಯಬೇಡಿ, ತುಂಬಾ ಜನ ಹಾಗೇ ಬರೆಯುತ್ತಾರೆ.

ಒಂದು ಗುಂಡಿ ಇದೆ, ಹುಷಾರು. ಒಂದೇ ಝಡ್‌ಸ್ಟ್ಯಾಂಡರ್ಡ್ ಫೈಲಿನಲ್ಲಿ ಒಂದರ ಹಿಂದೆ ಒಂದು ಹಲವು ಫ್ರೇಮ್ (ತನ್ನಷ್ಟಕ್ಕೆ ಪೂರ್ತಿಯಾದ ಕಂಪ್ರೆಸ್ ತುಂಡು) ಇರಬಹುದು, ಅದು ಫಾರ್ಮ್ಯಾಟಿನ ನಿಯಮಕ್ಕೆ ಸರಿ. ಕೆಲವು ಮಾಡ್ಯೂಲ್‌ಗಳ ಸ್ಟ್ರೀಮ್ ರೀಡರ್ ನೀವು ಹೇಳದಿದ್ದರೆ ಮೊದಲ ಫ್ರೇಮ್ ಮುಗಿದ ಕೂಡಲೇ ‘ಫೈಲ್ ಮುಗಿಯಿತು’ ಎನ್ನುತ್ತದೆ. ಜಿಜಿಪ್‌ನಲ್ಲೂ ಹೀಗೆ ಹಲವು ಮೆಂಬರ್ ಇರಬಹುದು. ಪೈಥಾನಿನ ಜಿಜಿಪ್ ಮಾಡ್ಯೂಲ್ ಎಲ್ಲವನ್ನೂ ಓದುತ್ತದೆ, ಆದರೆ ನೇರ ಝಡ್‌ಲಿಬ್ ಬಳಸಿದರೆ ಮೊದಲನೆಯದಕ್ಕೇ ನಿಲ್ಲುತ್ತದೆ. ಬೇಕೆಂದೇ ಎರಡು ಫ್ರೇಮಿನ ಒಂದು ಫೈಲ್ ಮಾಡಿ ಪರೀಕ್ಷಿಸಿ ನೋಡಿ.

---

ಮಿತಿ_ಇರಲಿ:

ಒಂದು ಮಾತು ಇಲ್ಲಿ ಯಾರೂ ಹೇಳಲಿಲ್ಲ. ಪರೀಕ್ಷೆಯ ಟೂಲ್ ಇರುವುದೇ ಇನ್ನೂ ನಂಬಿಕೆ ಬರದ ಫೈಲುಗಳನ್ನು ತೆರೆಯೋಕೆ. ಹಾಗಾಗಿ ಮಿತಿ ಹಾಕಿ. ಜಿಜಿಪ್ ಹೆಚ್ಚೆಂದರೆ ಸುಮಾರು 1030 ಪಟ್ಟು ಹಿಗ್ಗುತ್ತದೆ. ಎಕ್ಸ್‌ಝಡ್ ಮತ್ತು ಝಡ್‌ಸ್ಟ್ಯಾಂಡರ್ಡ್ ಅದಕ್ಕಿಂತ ಎಷ್ಟೋ ಜಾಸ್ತಿ ಹಿಗ್ಗಬಲ್ಲವು. ಜಿಜಿಪ್‌ನ ಕೊನೆಯಲ್ಲಿ ಮೂಲ ಗಾತ್ರ ಬರೆದಿರುತ್ತದೆ ಎಂದು ಅದನ್ನು ನಂಬಬೇಡಿ. ಆ ಜಾಗ 32 ಬಿಟ್ ಮಾತ್ರ, 4 ಜಿಬಿ ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಜೊತೆಗೆ ಯಾರು ಬೇಕಾದರೂ ಅಲ್ಲಿ ಏನು ಬೇಕಾದರೂ ಬರೆಯಬಹುದು. ಬಿಚ್ಚುತ್ತಾ ಬಿಚ್ಚುತ್ತಾ ನೀವೇ ಎಣಿಸಿ, ನಿಮ್ಮ ಮಿತಿ ದಾಟಿದರೆ ನಿಲ್ಲಿಸಿ.

ಮೆಮೊರಿಗೂ ಮಿತಿ ಬೇಕು. ಎಕ್ಸ್‌ಝಡ್ 9ನೇ ಮಟ್ಟದಲ್ಲಿ ಕಂಪ್ರೆಸ್ ಮಾಡಿದ್ದನ್ನು ಬಿಚ್ಚೋಕೆ ಸುಮಾರು 65 ಎಂಬಿ ಬೇಕು, ಅದು ಪರವಾಗಿಲ್ಲ. ಝಡ್‌ಸ್ಟ್ಯಾಂಡರ್ಡ್‌ನಲ್ಲಿ ವಿಂಡೋ (ಬಿಚ್ಚುವಾಗ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಹಿಂದಿನ ಡೇಟಾ) ದೊಡ್ಡದು ಮಾಡಿದ್ದರೆ 2 ಜಿಬಿವರೆಗೂ ಕೇಳಬಹುದು. ಅದರ ಕಮಾಂಡ್ ಸುಮ್ನೆ ಬಿಟ್ಟರೆ 128 ಎಂಬಿ ದಾಟಿದ ವಿಂಡೋವನ್ನು ಒಪ್ಪುವುದಿಲ್ಲ. ನೀವೂ ಅದೇ ಮಿತಿ ಇಟ್ಟುಕೊಳ್ಳಿ.

‘ಈಗಲೇ ಎಲ್ಲ ಫಾರ್ಮ್ಯಾಟ್ ಸೇರಿಸಿಬಿಡಲೇ’ ಎಂದಿರಿ. ಬೇಡ. ಒಂದೊಂದು ಫಾರ್ಮ್ಯಾಟೂ ಒಂದೊಂದು ಲೈಬ್ರರಿ, ಒಂದೊಂದು ಲೈಬ್ರರಿಯೂ ಯಾರನ್ನೋ ನಂಬಿದ ಹಾಗೆ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ಕಿದ್ದು ನೆನಪಿದೆಯಲ್ಲ. ಅದನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ ಕಂಪ್ರೆಸ್ ಆದ ಫೈಲುಗಳ ಒಳಗೆ. ಬೈನರಿ ಟೆಸ್ಟ್ ಫೈಲ್ ಯಾರೂ ತೆರೆದು ನೋಡುವುದಿಲ್ಲ ಎನ್ನುವುದೇ ಅವರಿಗೆ ಅನುಕೂಲವಾಯಿತು. ನಿಮ್ಮ ಟೆಸ್ಟ್ ಫೈಲುಗಳನ್ನು ರೆಪೊಸಿಟರಿಯಲ್ಲಿ ಬೈನರಿಯಾಗಿ ಇಡಬೇಡಿ. ಒಂದು ಚಿಕ್ಕ ಟಾರ್ ತೆಗೆದುಕೊಂಡು, ಟೆಸ್ಟ್ ಓಡುವಾಗಲೇ ಎಲ್ಲ ಫಾರ್ಮ್ಯಾಟಿಗೂ ಕಂಪ್ರೆಸ್ ಮಾಡಿ, ಅದನ್ನೇ ಅರ್ಧಕ್ಕೆ ಕತ್ತರಿಸಿ, ಹೆಸರು ಬದಲಿಸಿ, ಹೀಗೆ ಆಗಲೇ ತಯಾರಿಸಿ.

---

ಬಿಲ್ಡ್_ಕಾವಲು:

ನಾಲ್ಕು ದಿನ ಆಯಿತು, ಏನಾಯಿತು ಎಂದು ತಿಳಿಸುತ್ತೇನೆ.

ಈಗ ‘ತೆರೆ’ ಎಂಬ ಒಂದೇ ಫಂಕ್ಷನ್ ಇದೆ. ಮೆಂಬರ್‌ಗೆ ಯಾವ ಕೊನೆ ಒಪ್ಪಿಗೆ ಎಂಬ ಪಟ್ಟಿ ಕಂಟ್ರೋಲ್‌ಗೆ ಬೇರೆ, ಡೇಟಾಗೆ ಬೇರೆ. ಹೆಸರಿನ ಪ್ರಕಾರ ತೆರೆಯುತ್ತದೆ, ಮೊದಲ ಆರು ಬೈಟ್ ತಾಳೆ ನೋಡುತ್ತದೆ, ಸ್ಟ್ರೀಮ್ ಕೊನೆಯವರೆಗೂ ಓದುತ್ತದೆ, 2 ಜಿಬಿ ಬಿಚ್ಚಿದ ಮೇಲೂ ಮುಗಿಯದಿದ್ದರೆ ನಿಲ್ಲುತ್ತದೆ. ನಮ್ಮ ಅತಿ ದೊಡ್ಡ ಪ್ಯಾಕೇಜ್ 600 ಎಂಬಿ, ಹಾಗಾಗಿ ಇದು ಸಾಕು.

ಟೆಸ್ಟ್ ಬರೆಯುವಾಗ ಮೊದಲು ಬರೆದದ್ದು ಯಾವುದು ಗೊತ್ತಾ? ಕಂಟ್ರೋಲ್.ಟಾರ್ ಎಂಬುದರ ಕೊನೆಗೆ ಎಲ್ಲೂ ಇಲ್ಲದ ಒಂದು ಎಕ್ಸ್‌ಟೆನ್ಶನ್ ಹಾಕಿದ ಪ್ಯಾಕೇಜ್. ಅದಕ್ಕೆ 2 ಬರಲೇಬೇಕು. ಹಳೆಯ ಕೋಡಿನ ಮೇಲೆ ಓಡಿಸಿದೆ, 0 ಬಂತು. ಹೊಸದರ ಮೇಲೆ 2. ಎರಡು ಫ್ರೇಮಿನ ಟೆಸ್ಟ್ ಮೊದಲ ಸಲ ಸೋತಿತು, ನಾನು ಹಾಕಿದ್ದ ಮಾಡ್ಯೂಲ್ ನಿಜಕ್ಕೂ ಮೊದಲ ಫ್ರೇಮಿಗೇ ನಿಲ್ಲುತ್ತಿತ್ತು. ಅದನ್ನು ಹೇಳದಿದ್ದರೆ ನಾನು ಮತ್ತೆ ಅದೇ ಗುಂಡಿಗೆ ಬೀಳುತ್ತಿದ್ದೆ, ಬೈಟ್_ಎಣಿಕೆ ಅವರಿಗೆ ವಿಶೇಷ ಧನ್ಯವಾದ.

ಆಮೇಲೆ ನಮ್ಮ ಹಳೆಯ ಸಂಗ್ರಹದ ಎಲ್ಲ ಪ್ಯಾಕೇಜಿನ ಮೇಲೂ ಓಡಿಸಿದೆ. ಡೇಟಾ ಟಾರ್ ಕಂಪ್ರೆಸ್ ಮಾಡದೇ ಇದ್ದ ಪ್ಯಾಕೇಜ್ ಮೂರು ಸಿಕ್ಕವು. ಈ ಮೂರು ವರ್ಷದಲ್ಲಿ ಅವುಗಳ ಒಂದು ಫೈಲನ್ನೂ ನನ್ನ ಟೂಲ್ ನೋಡಿರಲಿಲ್ಲ. ಒಂದರಲ್ಲಿ ಲೈಸೆನ್ಸ್ ಫೈಲ್ ಇಲ್ಲ, ಉಳಿದೆರಡು ಸರಿ ಇವೆ. ಆ 11 ಪ್ಯಾಕೇಜುಗಳನ್ನು ಮತ್ತೆ ಪರೀಕ್ಷಿಸಿ, 666 ಇದ್ದದ್ದನ್ನು 640 ಮಾಡಿ ಹೊಸ ಆವೃತ್ತಿ ಕಳಿಸಿದೆವು. ಪಾಸ್‌ವರ್ಡ್ ಬದಲಿಸಿ ಎಂದು ಬಳಸುವವರೆಲ್ಲರಿಗೂ ಬರೆದೆವು.

ಇನ್ನೊಂದು ಸಣ್ಣದು ಬಾಕಿ ಇದೆ. ಪ್ಯಾಕೇಜಿನ ಒಳಗಿನ ಮ್ಯಾನ್ ಪೇಜುಗಳು ಕೂಡ ಜಿಜಿಪ್ ಆಗಿರುತ್ತವಲ್ಲ, ಅವುಗಳ ಒಳಗೂ ಹೋಮ್ ಫೋಲ್ಡರ್ ದಾರಿ ಸೇರಿಕೊಳ್ಳಬಹುದು. ಅವನ್ನೂ ಇದೇ ‘ತೆರೆ’ ಫಂಕ್ಷನ್‌ಗೆ ಕೊಡುವ ಯೋಚನೆ ಇದೆ.

---

ಮಿತಿ_ಇರಲಿ:

ಕೊಡಿ, ಆದರೆ ಒಂದು ಹಂತ ಮಾತ್ರ ಒಳಗೆ ಹೋಗಿ. ಒಳಗಿನದರ ಒಳಗಿನದನ್ನು ಬಿಚ್ಚುತ್ತಾ ಹೋದರೆ ಕೊನೆ ಇರುವುದಿಲ್ಲ. ಹೋದ ಮೇಲೆ ಆ ಜಿಜಿಪ್‌ನ ಹೆಡರ್‌ನಲ್ಲಿ ಐದನೇ ಬೈಟಿನಿಂದ ನಾಲ್ಕು ಬೈಟ್ ಸಮಯ ಇರುತ್ತದೆ, ಅದನ್ನೂ ನೋಡಿ. ಸೊನ್ನೆ ಅಲ್ಲದಿದ್ದರೆ ಅದೇ ಸೋರ್ಸ್‌ನಿಂದ ಎರಡು ಸಲ ಬಿಲ್ಡ್ ಮಾಡಿದಾಗ ಎರಡು ಬೇರೆ ಪ್ಯಾಕೇಜ್ ಬರುವ ಸಾಧ್ಯತೆ ಇದೆ. ಡೆಬಿಯನ್‌ನ ಪ್ಯಾಕೇಜ್ ಪರೀಕ್ಷಿಸುವ ಟೂಲ್ ಲಿಂಟಿಯನ್ ಕೂಡ ಇದನ್ನು ಹಿಡಿಯುತ್ತದೆ. ಬಿಲ್ಡ್‌ನಲ್ಲಿ ಜಿಜಿಪ್‌ಗೆ ‘ಎನ್’ ಆಯ್ಕೆ ಕೊಟ್ಟರೆ ಸಮಯವನ್ನೂ ಹೆಸರನ್ನೂ ಬರೆಯುವುದಿಲ್ಲ.